ಇಪ್ಪತ್ತೊಂದು ಚೀಟಿ

ತಲೆ ಮತ್ತೆ ಬಲಕ್ಕೆ ವಾಲಿತು.

“ಹಿಡ್ಕೊಳ್ರಪ್ಪ ಯಾರಾದ್ರೂ,” ಎಂದು ಬಸವಲಿಂಗಯ್ಯ ಅಯ್ನೋರು ಗದರಿದರು. ಪ್ರಸನ್ನ ಕುಮಾರನನ್ನು ಜಗುಲಿಯ ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಹಾಕಿಸಿ ಕೂರಿಸಿದ್ದಾಗಿತ್ತು. ಸೊಂಟಕ್ಕೊಂದು, ಎದೆಗೊಂದು ಪಂಚೆ ಬಿಗಿದು ಕಿಟಕಿಯ ಸರಳಿಗೆ ಕಟ್ಟಿದ್ದರು. ಮೈ ಹೇಳಿದ ಹಾಗೆ ಕೇಳಿತ್ತು, ಕತ್ತು ಮಾತ್ರ ಕೇಳುತ್ತಿರಲಿಲ್ಲ. ಬದುಕಿದ್ದಾಗಲೂ ಈ ತಲೆ ಮನೆಯವರು ಹೇಳಿದ ಕಡೆ ನಿಂತಿರಲಿಲ್ಲ ಎಂದು ಬೀದಿಯವರಿಗೆ ಅನ್ನಿಸಿದ್ದರೆ ಅದು ಅವರ ತಪ್ಪಲ್ಲ.

ಖಾಕಿ ಅಂಗಿಯವನೊಬ್ಬ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತಿ ಬಂದ. ಎರಡೂ ಅಂಗೈಯಲ್ಲಿ ಆ ತಲೆಯನ್ನು ಹಿಡಿದು ನೆಟ್ಟಗೆ ನಿಲ್ಲಿಸಿದ.

“ನೀನ್ಯಾರಪ್ಪ?”

“ರಾಮಾಂಜನೇಯ ಅಂತ ಸ್ವಾಮಿ. ಪಾವಗಡದ ಬಸ್ಸಲ್ಲಿ ಕಂಡಕ್ಟರು.”

“ಇವನಿಗೇನಾಗ್ಬೇಕು?”

ಹದಿನೆಂಟು ವರ್ಷದ ಒಡನಾಟದಲ್ಲಿ ರಾಮಾಂಜನೇಯ ಈ ಪ್ರಶ್ನೆಗೆ ಒಂದು ಉತ್ತರ ಸಿದ್ಧ ಮಾಡಿಕೊಂಡಿರಲಿಲ್ಲ. “ಪರಿಚಯ,” ಎಂದ.

“ಪರಿಚಯದೋರು ಕೆಳಗೆ ನಿಂತ್ಕೊಳ್ಳಿ. ಮನೆಯೋರು ಬರ್ಲಿ.”

ಮನೆಯವರು ಎಂದರೆ ಅಣ್ಣ ನಂದೀಶ್ವರಯ್ಯ. ಅವನು ಪಕ್ಕದಲ್ಲೇ ಇದ್ದ ತನ್ನ ಬೀಜ, ಗೊಬ್ಬರದ ಅಂಗಡಿಯಲ್ಲಿ, ಅರ್ಧ ಎಳೆದ ಷಟರಿನ ಹಿಂದೆ ಕೂತಿದ್ದ. ಬೆಳಗಿನ ಜಾವ ತಮ್ಮ ಎದೆ ಹಿಡಿದುಕೊಂಡು ಮಹಡಿಯ ರೂಮಿನಲ್ಲಿ ಬಿದ್ದಾಗ ಆಟೋ ಕರೆದವನು ಅವನೇ. ಆಸ್ಪತ್ರೆಯವರು ಕೈ ಚೆಲ್ಲಿದ ಮೇಲೆ ಟ್ರ್ಯಾಕ್ಟರ್ ಹೇಳಿದ್ದು, ಗುಂಡಿ ತೋಡಲು ಆಳು ಕಳಿಸಿದ್ದು, ಹೂವು, ವಿಭೂತಿ ಗಟ್ಟಿ, ಉಪ್ಪಿನ ಮೂಟೆ ತರಿಸಿದ್ದು ಎಲ್ಲ ಅವನೇ. ಆದರೆ ಷಟರಿನಿಂದ ಈಚೆಗೆ ಕಾಲಿಟ್ಟಿರಲಿಲ್ಲ.

“ಯಾಕಂತೆ, ಯಜಮಾನ್ರು ಆಚೆಗೇ ಬಂದಿಲ್ಲ?” ಎಂದಳು ಶಾಮಿಯಾನದ ಕೆಳಗೆ ಕೂತಿದ್ದ ಒಬ್ಬ ಹೆಂಗಸು.

“ಮಣ್ಣು ಹಾಕಲ್ಲ ಅಂದವ್ರಂತೆ ಕಣಮ್ಮ. ಮಿಕ್ಕಿದ್ದೆಲ್ಲ ಮಾಡ್ತೀನಿ, ಮಣ್ಣು ಮಾತ್ರ ನನ್ ಕೈಲಿ ಬೀಳಲ್ಲ ಅಂತ ಅಯ್ನೋರ್ ತಾವ್ಲೇ ಅಂದ್ರಂತೆ.”

“ಒಡಹುಟ್ದೋನ್ಗೆ?”

“ಅವ್ವ ಸಾಯೋವಾಗ ಇವ್ನು ಮ್ಯಾಲೆ ದಾಳ ಉರುಳುಸ್ತಾ ಕೂತಿದ್ನಲ್ಲೇ. ತುಮಕೂರು ಆಸ್ಪತ್ರೆಯಿಂದ ಹದಿಮೂರು ಸಲ ಫೋನ್ ಮಾಡವ್ರೆ, ಎತ್ತಿಲ್ಲ. ಅವ್ವ ಕೊನೇಗಂಟ ‘ಚಿಕ್ಕೋನೆಲ್ಲಿ, ಚಿಕ್ಕೋನೆಲ್ಲಿ’ ಅಂದು ಹೋಗ್ಬುಟ್ರು. ಮರೆಯೋ ಮಾತಾ ಅದು?”

“ದುಡ್ಡಿಟ್ಟು ಆಡ್ತಿದ್ರಂತಾ?”

“ಇನ್ನೇನು ಮಣ್ಣಿಟ್ಟು ಆಡ್ತಾರಾ? ಹೆಂಗಸ್ರೂ ಬತ್ತಿದ್ರಂತೆ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಆ ‘ಹೆಂಗಸ್ರು’ ಎನ್ನುವ ಬಹುವಚನ ಎರಡು ಮಾರು ದೂರದಲ್ಲಿ ಶಾಮಿಯಾನದ ಕಂಬ ಹಿಡಿದು ನಿಂತಿತ್ತು. ಒಬ್ಬಳೇ ಒಬ್ಬಳು: ವನಜಾ, ಕೊರಟಗೆರೆ ಬಸ್‌ಸ್ಟ್ಯಾಂಡ್ ಹತ್ತಿರ ರವಿಕೆ ಹೊಲಿಯುವವಳು, ನಲವತ್ತೊಂದು ವಯಸ್ಸು. ಪಕ್ಕದಲ್ಲಿ ಪೆದ್ದಣ್ಣ, ಬುಕ್ಕಾಪಟ್ಟಣದ ಕಾಡಿನಲ್ಲಿ ಚಿಂಕಾರ ಜಿಂಕೆ ಕಾಯುವ ವಾಚರ್, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಕೆಳಗಿಳಿದು ಬಂದ ರಾಮಾಂಜನೇಯ ಇವರ ಜೊತೆ ನಿಂತ. ಸತ್ತವನಿಗೆ ಈ ಲೋಕದಲ್ಲಿ ಇದ್ದ ಮಂದಿ ಇಷ್ಟೇ.

ಆ ಹದಿಮೂರು ಕರೆಗಳ ಬಗ್ಗೆ ಊರಿಗೆ ಗೊತ್ತಿಲ್ಲದ ಒಂದು ಸಂಗತಿ ವನಜಾಗೆ ಗೊತ್ತಿತ್ತು. ಅದನ್ನು ಹೇಳಿಬಿಟ್ಟರೆ ನಂದೀಶ್ವರಯ್ಯ ಷಟರು ಎತ್ತಿ ಹೊರಗೆ ಬಂದು ತಮ್ಮನಿಗೆ ಮಣ್ಣು ಹಾಕಬಹುದು. ಹೇಳಿದ ಮೇಲೆ ತನ್ನ ಮುಖ ಎಲ್ಲಿಟ್ಟುಕೊಳ್ಳುವುದು ಎಂಬುದು ಮಾತ್ರ ಅವಳಿಗೆ ಹೊಳೆಯುತ್ತಿರಲಿಲ್ಲ.

*

ಪ್ರಸನ್ನ ಕುಮಾರನದು ತಾಲ್ಲೂಕು ಕಚೇರಿಯ ಎದುರಿಗೆ ಒಂದು ಝೆರಾಕ್ಸ್ ಅಂಗಡಿ. ಡಿಪ್ಲೊಮಾ ಓದಲು ತುಮಕೂರಿಗೆ ಹೋಗಿದ್ದಾಗ ಅವನಿಗೆ ಡಿಪ್ಲೊಮಾ ಸಿಗಲಿಲ್ಲ, ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದಕ್ಕೆ ರಟ್ಟೂ ಇರಲಿಲ್ಲ, ಕೊನೆಯ ಅರ್ಧವೂ ಇರಲಿಲ್ಲ. ಅದೊಂದು ಆಟದ ಪುಸ್ತಕ. ಒಬ್ಬ ಕತೆ ಹೇಳಬೇಕು, ಉಳಿದವರು ಆ ಕತೆಯೊಳಗಿನ ಜನವಾಗಬೇಕು. ‘ಈಗ ಏನು ಮಾಡುತ್ತೀರಿ?’ ಎಂದು ಹೇಳುವವನು ಕೇಳುತ್ತಾನೆ. ಅವರು ಮಾಡಹೊರಟದ್ದು ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಗೆಲ್ಲುವವರಿಲ್ಲ, ಸೋಲುವವರಿಲ್ಲ, ಪಣವಿಲ್ಲ. ಇಂಥದ್ದನ್ನು ಮಧುಗಿರಿಯಲ್ಲಿ ಯಾರಿಗೆ ಹೇಳಿ ನಂಬಿಸುವುದು?

ಹರಿದುಹೋದ ಅರ್ಧವನ್ನು ಅವನೇ ಬರೆದುಕೊಂಡ. ಪುಸ್ತಕದಲ್ಲಿದ್ದ ಪರದೇಶದ ರಾಕ್ಷಸರನ್ನೆಲ್ಲ ತೆಗೆದುಹಾಕಿ ಪಾಳೆಗಾರರನ್ನು ತಂದ. ಚನ್ನರಾಯನದುರ್ಗದ ಬುರುಜು, ಮಧುಗಿರಿಯ ಏಕಶಿಲೆ ಎರಡನ್ನೂ ಸೇರಿಸಿ ತನ್ನದೇ ಒಂದು ಕೋಟೆ ಕಟ್ಟಿ ನಕ್ಷೆ ಬರೆದ. ದಾಳಕ್ಕೆ ಇಪ್ಪತ್ತು ಮುಖ ಇರಬೇಕು ಎಂದು ಪುಸ್ತಕ ಹೇಳಿತ್ತು. ಶಿರಾದ ಒಬ್ಬ ಬಡಗಿ, “ಆರು ಸಾಲ್ದಾ ಭಯ್ಯಾ, ಬೀಸ್ ಯಾಕೆ?” ಎಂದು ಬೈದುಕೊಂಡೇ ಹೊನ್ನೆ ಮರದಲ್ಲಿ ಕೆತ್ತಿಕೊಟ್ಟ. ಎಲ್ಲೋ ಒಂದು ಕಡೆ ಉಜ್ಜಿದ್ದು ಹೆಚ್ಚಾಗಿ ಆ ದಾಳ ನಾಲ್ಕಕ್ಕೇ ಜಾಸ್ತಿ ಬೀಳುತ್ತಿತ್ತು. ನಾಲ್ಕು ಎಂದರೆ ಕೆಲಸ ಕೆಟ್ಟಿತು ಎಂದೇ ಲೆಕ್ಕ. ಬೇರೆ ಮಾಡಿಸು ಎಂದರೆ ಪ್ರಸನ್ನ ಒಪ್ಪುತ್ತಿರಲಿಲ್ಲ. “ಬಿದ್ದಿದ್ದು ಬಿದ್ದಿದ್ದೇ,” ಎನ್ನುತ್ತಿದ್ದ. ಅವನ ಆಟದ ಮೊದಲ ನಿಯಮ ಅದು. ಬದುಕಿನದೂ ಅದೇ ಆಗಿಹೋಯಿತು.

ವನಜಾ ಬಂದದ್ದು ಒಂದು ಅರ್ಜಿಯ ಝೆರಾಕ್ಸ್ ಮಾಡಿಸಲು. ಕೌಂಟರಿನ ಗಾಜಿನ ಕೆಳಗೆ ಆ ಕೋಟೆಯ ನಕ್ಷೆ ಇತ್ತು. ಮೆಷಿನ್ನು ಬಿಸಿಯಾಗುವವರೆಗೆ ನೋಡುತ್ತ ನಿಂತವಳು, “ಈ ಬಡಗಣ ಬಾಗ್ಲು ತಪ್ಪಾಗೈತೆ. ಇಲ್ಲಿ ಇಳಿಜಾರು, ಯಾರು ಬೇಕಾದ್ರೂ ನುಗ್ಬೋದು,” ಎಂದಳು.

ಪ್ರಸನ್ನ ತಲೆ ಎತ್ತಿ ನೋಡಿದ. ಅದುವರೆಗೆ ಆ ನಕ್ಷೆಯನ್ನು ನೋಡಿದವರೆಲ್ಲ ಯಾವ ಸರ್ವೆ ನಂಬರು ಎಂದು ಕೇಳಿದ್ದರು.

“ಹಂಗಾದ್ರೆ ನೀವೇ ಕಾಯಿರಿ,” ಎಂದ.

ಹೀಗೆ ವನಜಾ ಹೊನ್ನವ್ವನಾದಳು, ಬಡಗಣ ಬಾಗಿಲ ಕಾವಲು. ರಾಮಾಂಜನೇಯ ಆಗಲೇ ಕೋಟೆಯ ಗೋಡೆ ಹತ್ತುವ ಕಳ್ಳ. ಪೆದ್ದಣ್ಣ ನಾಟಿ ಪಂಡಿತ. ಒಬ್ಬೊಬ್ಬರಿಗೂ ಒಂದೊಂದು ಡ್ರಾಯಿಂಗ್ ಹಾಳೆಯಲ್ಲಿ ಅವರ ಪಾತ್ರದ ಹೆಸರು, ಬಲ, ಜಾಣತನ, ಉಸಿರು ಎಲ್ಲವನ್ನೂ ಪ್ರಸನ್ನ ಪೆನ್ಸಿಲ್ಲಿನಲ್ಲಿ ಬರೆದಿದ್ದ. ಪೆನ್ಸಿಲ್ಲು ಯಾಕೆಂದರೆ ಉಸಿರು ಏರುತ್ತದೆ, ಇಳಿಯುತ್ತದೆ. ಸೊನ್ನೆಗೆ ಇಳಿದರೆ ಸತ್ತಂತೆ, ಆ ಹಾಳೆಯನ್ನು ಹರಿಯಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ, ಅದರ ಒಡೆಯರೇ ತಮ್ಮ ಕೈಯಾರೆ ಹರಿದು ಚಾಪೆಯಿಂದ ಏಳಬೇಕು. ಹರಿದದ್ದನ್ನು ಅಂಟಿಸುವಂತಿಲ್ಲ. ಹದಿನಾಲ್ಕು ವರ್ಷದಲ್ಲಿ ವನಜಾ ತನ್ನ ಹಾಳೆಯನ್ನು ಒಮ್ಮೆಯೂ ಹರಿದಿರಲಿಲ್ಲ. ಅವಳ ಒಂದೇ ದೋಷ ಆತುರ. ಬೇರೆಯವರ ಸರದಿಯಲ್ಲಿ ಬಾಯಿ ಹಾಕುವಳು. “ವನಜಾ, ನಿನ್ನ ಸರದಿ ಬಂದಿಲ್ಲ,” ಎಂದು ಪ್ರಸನ್ನ ಬೆರಳೆತ್ತಿದರೆ ನಾಲಿಗೆ ಕಚ್ಚಿಕೊಳ್ಳುವಳು.

ಪ್ರತಿ ಭಾನುವಾರ ಪ್ರಸನ್ನನ ಮಹಡಿಯ ರೂಮಿನಲ್ಲಿ ಆಟ. ವನಜಾಳ ಮನೆಯಲ್ಲಿ ಅದರ ಹೆಸರು ‘ಸಂಘದ ಮೀಟಿಂಗು’. ಯಾವ ಸಂಘ ಎಂದು ಗಂಡ ಕೇಳಿದವನಲ್ಲ. ವಾರದ ಆರು ದಿನ ಇನ್ನೊಬ್ಬರ ಅಳತೆಗೆ ಬಟ್ಟೆ ಕತ್ತರಿಸುವವಳಿಗೆ ಆ ರೂಮಿನಲ್ಲಿ ಮೂರು ಗಂಡಸರು ‘ಹೊನ್ನವ್ವ, ಈಗೇನ್ ಮಾಡೋಣ?’ ಎಂದು ಕೇಳುತ್ತಿದ್ದರು. ಕೇಳಿ, ಉತ್ತರಕ್ಕೆ ಕಾಯುತ್ತಿದ್ದರು. ಹುಟ್ಟಿದಂದಿನಿಂದ ಬೇರೆ ಯಾರೂ ಅವಳ ಉತ್ತರಕ್ಕೆ ಕಾದದ್ದಿಲ್ಲ.

ಒಮ್ಮೆ ಒಬ್ಬ ಪೇದೆ ಯಾರದ್ದೋ ಮಾತು ಕೇಳಿ ಮಹಡಿ ಹತ್ತಿ ಬಂದಿದ್ದ. ಚಾಪೆ ಎತ್ತಿಸಿದ, ಡಬ್ಬಿ ತೆಗೆಸಿದ. ಕಡಲೆಕಾಯಿ ಸಿಪ್ಪೆ ಬಿಟ್ಟು ಏನೂ ಸಿಗಲಿಲ್ಲ. “ದುಡ್ಡಿಲ್ದೆ ಯಾತಕ್ರೀ ಆಡ್ತೀರಾ?” ಎಂದು ನಿಜವಾದ ಬೇಸರದಿಂದ ಕೇಳಿ ಹೋದ.

*

ಗದ್ದಕ್ಕೊಂದು ಪಟ್ಟಿ ಕಟ್ಟಿದ ಮೇಲೆ ಪ್ರಸನ್ನನ ತಲೆ ನಿಂತಿತು. ಅಯ್ನೋರು ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಇಷ್ಟಲಿಂಗ ಇಡಿಸಿ, ಬೆವರು ಒರೆಸಿಕೊಂಡರು.

“ತಾಮ್ರದ ಬಿಲ್ಲೆ ಎಲ್ಲಮ್ಮ? ಇಪ್ಪತ್ತೊಂದಿರ್ಬೇಕು.”

ನಂದೀಶ್ವರಯ್ಯನ ಹೆಂಡತಿ ದಾಕ್ಷಾಯಣಮ್ಮ ಹಿಂದೆ ಮುಂದೆ ನೋಡಿದಳು. ಹೆಣದ ಮೈಮೇಲೆ ಒಂದೊಂದು ಜಾಗಕ್ಕೆ ಒಂದೊಂದರಂತೆ, ಮಂತ್ರ ಬರೆದ ಇಪ್ಪತ್ತೊಂದು ತಾಮ್ರದ ಚೂರು ಇಟ್ಟು ಮಣ್ಣು ಮಾಡುವುದು ಇವರ ಮನೆಯ ಪದ್ಧತಿ. ಅತ್ತೆ ಸತ್ತಾಗ ಇಟ್ಟಿದ್ದರು. ಈ ಸಲ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಿರಲಿಲ್ಲ.

“ಇಲ್ಲ ಅಯ್ನೋರೇ. ಪಾತ್ರೆ ಅಂಗಡಿನೂ ತೆಗ್ದಿರಲ್ಲ ಈಗ.”

“ಹೋಗ್ಲಿ ಬುಡು. ಗಟ್ಟಿ ಹಾಳೆ ಇದ್ರೆ ಕೊಡು, ಅದ್ರ ಮ್ಯಾಲೇ ಬರೀತೀನಿ. ಈಗೆಲ್ಲಾರೂ ಅಂಗೇ ಮಾಡೋದು. ತೆಳ್ಳಗಿರೋದು ಬ್ಯಾಡ, ಸುರುಟ್ಕೊಂತದೆ.”

ಮಗಳು ಪ್ರಿಯಾಂಕ ಮಹಡಿಗೆ ಓಡಿದಳು. ಐದು ನಿಮಿಷದಲ್ಲಿ ಇಳಿದು ಬಂದಳು. ಕೈಯಲ್ಲಿ ಮೂರು ಹಾಳೆ.

“ಚಿಕ್ಕಪ್ಪನ ಟೇಬಲ್ ಮೇಲಿತ್ತು. ಒಂದ್ ಕಡೆ ಪೆನ್ಸಿಲಲ್ಲಿ ಏನೋ ಗೀಚವ್ರೆ ಅಷ್ಟೆ, ಇನ್ನೊಂದ್ ಕಡೆ ಖಾಲಿ.”

ಅಯ್ನೋರು ಹಾಳೆಯನ್ನು ಬೆರಳಲ್ಲಿ ಬಡಿದು ನೋಡಿದರು. “ಲಾಯಕ್ಕಾಗೈತೆ. ಮೂರ್ ಹಾಳೆ, ಒಂದೊಂದ್ರಲ್ಲಿ ಏಳು. ಸರಿಹೋಯ್ತದೆ.”

ಶಾಮಿಯಾನದ ಕಂಬದಿಂದ ವನಜಾಗೆ ಆ ಹಾಳೆಗಳ ಮೇಲಿನ ಗೆರೆಗಳು ಕಂಡವು. ಅಷ್ಟು ದೂರದಿಂದಲೂ ತನ್ನದು ಯಾವುದು ಎಂದು ಗೊತ್ತಾಯಿತು. ಮೂಲೆಯಲ್ಲಿ ಚಹಾದ ಲೋಟದ ಕಲೆ ಇದ್ದದ್ದು. ಹೋದ ಭಾನುವಾರ ಆಟ ನಿಂತಾಗ ಹೊನ್ನವ್ವನ ಉಸಿರು ಏಳು.

ರಾಮಾಂಜನೇಯ ಮುಂದಕ್ಕೆ ನುಗ್ಗಿದ. “ಸ್ವಾಮೀ, ಅದು ಬ್ಯಾಡ. ಬ್ಯಾರೆ ಹಾಳೆ ತಂದ್ಕೊಡ್ತೀನಿ.”

“ಯಾಕೆ? ಏನೈತೆ ಇದ್ರಾಗೆ?”

ಬೀದಿಯೆಲ್ಲ ಅವನ ಕಡೆ ತಿರುಗಿತು. ದಾಕ್ಷಾಯಣಮ್ಮ, “ಏನಪ್ಪ ಅದು? ಪತ್ರವೇನಾದ್ರೂ?” ಎಂದಳು. ಕೇಳುತ್ತ ಕೇಳುತ್ತ ಅವಳ ಕಣ್ಣು ವನಜಾ ಕಡೆ ಹೋಯಿತು, ಅಲ್ಲೇ ನಿಂತಿತು.

ಏನೆಂದು ಹೇಳುವುದು? ಅದು ನಾನು ಎನ್ನುವುದೇ? ಅದು ಹರಿದರೆ ನಾವು ಸಾಯುತ್ತೇವೆ ಎನ್ನುವುದೇ? ಐವತ್ತರ ಹತ್ತಿರ ಬಂದ ಕಂಡಕ್ಟರು ಒಂದು ಹೆಣದ ಮುಂದೆ ನಿಂತು ಹಾಗೆಂದರೆ ಊರು ಅವನನ್ನು ಆಸ್ಪತ್ರೆಗೆ ಕಳಿಸುತ್ತದೆ. ಅವನು ವನಜಾಳನ್ನು ನೋಡಿದ. ಅವಳು ತಲೆ ತಗ್ಗಿಸಿದಳು.

“ಏನಿಲ್ಲ ಬುಡಿ,” ಎಂದು ವಾಪಸು ಬಂದ. ಬಂದು ಕಂಬಕ್ಕೆ ಹಣೆ ಒರಗಿಸಿ, “ಪೋನೀಲೇ ಅಕ್ಕ, ಪೋನೀ, ಹೋಗ್ಲಿ ಬುಡು,” ಎಂದ ತನ್ನ ತೆಲುಗು ಬೆರೆತ ಕನ್ನಡದಲ್ಲಿ. ವನಜಾಗೆ ಹೇಳಿದನೋ ತನಗೆ ಹೇಳಿಕೊಂಡನೋ.

ಅಯ್ನೋರು ಸ್ಕೇಲು ಇಟ್ಟು ಹರಿಯತೊಡಗಿದರು. ಡ್ರಾಯಿಂಗ್ ಹಾಳೆ ದಪ್ಪ, ಹರಿಯುವ ಸದ್ದು ದೊಡ್ಡದು. ಕಳ್ಳ ಹರಿದುಹೋದ, ಪಂಡಿತ ಹರಿದುಹೋದ. ಪೆದ್ದಣ್ಣ ಬೀಡಿ ಹಚ್ಚಲು ಹೋಗಿ ಕಡ್ಡಿಯನ್ನು ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದ. ಹೊನ್ನವ್ವನ ಸರದಿ ಬಂದಾಗ ವನಜಾ ಕಣ್ಣು ಮುಚ್ಚಿಕೊಳ್ಳಲಿಲ್ಲ. ನೋಡಿದಳು. ಅವಳಿಗೆ ಬಂದದ್ದು ಅಳುವಲ್ಲ, ಸಿಟ್ಟು. ಹರಿಯುವುದಾದರೂ ನನ್ನ ಕೈಯಲ್ಲಿ ಹರಿಯಬೇಕಿತ್ತು ಎನ್ನುವ ಸಿಟ್ಟು.

*

ಎಂಟು ವರ್ಷದ ಹಿಂದಿನ ಆ ಭಾನುವಾರ ಬಡಗಣ ಬಾಗಿಲಿಗೆ ಮುತ್ತಿಗೆ ಬಿದ್ದಿತ್ತು. ಹೊನ್ನವ್ವನ ಉಸಿರು ಎರಡಕ್ಕೆ ಇಳಿದಿತ್ತು. ಗಾಯವಾದ ತೊಡೆಗೆ ಸೆರಗು ಬಿಗಿದು, ಅಗುಳಿಗೆ ಬೆನ್ನು ಕೊಟ್ಟು ನಿಂತಿದ್ದಳು. ರೂಮಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಆಟದ ಹೊತ್ತಿನಲ್ಲಿ ಫೋನುಗಳೆಲ್ಲ ಬಾಗಿಲ ಬಳಿಯ ಮೊರದಲ್ಲಿ, ಸದ್ದು ಅಡಗಿಸಿ. ಅದೂ ನಿಯಮ. ಮೊರದ ಪಕ್ಕ ಕೂರುತ್ತಿದ್ದವಳು ವನಜಾ. ಪ್ರಸನ್ನನ ತಾಯಿ ಶುಕ್ರವಾರ ಸಕ್ಕರೆ ಏರಿ ತುಮಕೂರಿನ ಆಸ್ಪತ್ರೆ ಸೇರಿದ್ದರು. ಸೋಮವಾರ ಕಳಿಸುತ್ತೇವೆ ಎಂದು ಡಾಕ್ಟರೇ ಹೇಳಿದ್ದರಿಂದ ಪ್ರಸನ್ನ ಶನಿವಾರ ನೋಡಿಕೊಂಡು ಬಂದು ಭಾನುವಾರ ಚಾಪೆ ಹಾಸಿದ್ದ. ಅಣ್ಣ ಆಸ್ಪತ್ರೆಯಲ್ಲೇ ಉಳಿದಿದ್ದ.

“ಹೊನ್ನವ್ವ, ಏನ್ಮಾಡ್ತೀಯ?” ಎಂದು ಪ್ರಸನ್ನ ಕೇಳುವುದಕ್ಕೂ ಮೊರದಲ್ಲಿ ಬೆಳಕು ಹೊತ್ತಿಕೊಳ್ಳುವುದಕ್ಕೂ ಸರಿಹೋಯಿತು. ವನಜಾ ನೋಡಿದಳು. ಪ್ರಸನ್ನನ ಫೋನು. ‘ಅಣ್ಣ’ ಎಂದಿತ್ತು.

ಇದೊಂದು ದಾಳ ಎಸೆದು ಹೇಳೋಣ ಎಂದುಕೊಂಡಳು. ಅಷ್ಟೇ, ಬೇರೇನೂ ಅಲ್ಲ. ಫೋನನ್ನು ಬೋರಲು ಹಾಕಿ, ಮೇಲೆ ತನ್ನ ಬ್ಯಾಗು ಇಟ್ಟಳು. ದಾಳ ಎಸೆದಳು.

ಹತ್ತೊಂಬತ್ತು ಬಿತ್ತು.

ರೂಮೇ ಹಾರಿಹೋಗುವಂತೆ ಕೂಗಿದರು. ಪೆದ್ದಣ್ಣ ಕೂಡ ಕೂಗಿದ. ಶತ್ರು ಇಳಿಜಾರಿನಲ್ಲಿ ಉರುಳಿದ, ಅವನ ಕುದುರೆ ಉರುಳಿತು, ಹೊನ್ನವ್ವ ಅಗುಳಿ ತೆಗೆದು ಅಟ್ಟಿಸಿಕೊಂಡು ಹೋದಳು. ಆ ಉತ್ಸಾಹದಲ್ಲಿ ಬ್ಯಾಗಿನ ಕೆಳಗೆ ಏನಿದೆ ಎಂಬುದು ಅವಳಿಗೆ ಮರೆತೇಹೋಯಿತು. ನೆನಪಾದಾಗ ಮುಕ್ಕಾಲು ಗಂಟೆ ಕಳೆದಿತ್ತು. ಬ್ಯಾಗು ಎತ್ತಿದಳು. ಹದಿಮೂರು ಕರೆ.

ಮೆಟ್ಟಿಲ ಮೇಲೆ, ಚಪ್ಪಲಿ ಕೂಡ ಮೆಟ್ಟದೆ ಓಡುತ್ತಿದ್ದ ಪ್ರಸನ್ನನ ತೋಳು ಹಿಡಿದು ಹೇಳಿದಳು: “ಮೊದಲ್ನೇದು ನಾನ್ ನೋಡ್ದೆ. ನಾನೇ ಮುಚ್ಚಿಟ್ಟೆ.” ಅವನು ತೋಳು ಬಿಡಿಸಿಕೊಂಡು ಇಳಿದು ಹೋದ. ಉತ್ತರ ಕೊಟ್ಟದ್ದು ತಾಯಿಯ ತಿಥಿ ಮುಗಿದ ಮೇಲಿನ ಭಾನುವಾರ, ಚಾಪೆ ಬಿಚ್ಚುತ್ತ.

“ಯಾರ್ಗೂ ಹೇಳ್ಬೇಡ. ಹೇಳಿದ್ರೆ ನೀನು ಮತ್ತೆ ಈ ಮೆಟ್ಲು ಹತ್ತಕ್ಕಾಗಲ್ಲ. ಬಾಗ್ಲು ಯಾರು ಕಾಯ್ತಾರೆ? ಬಿದ್ದಿದ್ದು ಬಿದ್ದಿದ್ದೇ.”

ವನಜಾ ಅತ್ತಳು. ಅಳುತ್ತಲೇ ಒಳಗೊಂದು ಕಡೆ ಹಗುರವಾದಳು. ಭಾನುವಾರ ಉಳಿಯಿತು ಎಂದು ಹಗುರವಾದಳು. ಆ ಹಗುರವನ್ನು ನೆನೆದರೆ ಅವಳಿಗೆ ಇವತ್ತಿಗೂ ತನ್ನ ಮೇಲೆ ಅಸಹ್ಯವಾಗುತ್ತದೆ. ಕೆಳಗಿನ ಮನೆಯಲ್ಲಿ ಅಣ್ಣ ತಮ್ಮನ ಜೊತೆ ಮಾತು ಬಿಟ್ಟ. ತಟ್ಟೆಯಲ್ಲಿ ಊಟ ಮೇಲೆ ಬರುತ್ತಿತ್ತು, ಖಾಲಿ ತಟ್ಟೆ ಕೆಳಗೆ ಹೋಗುತ್ತಿತ್ತು. ಎಂಟು ವರ್ಷ ಅದೇ ನಡೆಯಿತು.

*

ಸಮಾಧಿಯ ಜಾಗ ಊರಾಚೆ, ಬೆಟ್ಟದ ಬೆನ್ನಿಗೆ, ಅವರದೇ ಹುಣಸೆ ಮರದ ಹೊಲದಲ್ಲಿ. ತಾಯಿಯ ಗದ್ದುಗೆಯ ಪಕ್ಕದಲ್ಲೇ ಗುಂಡಿ ತೋಡಿದ್ದರು. ಅಡಿಯಿಂದ ತೆಗೆದ ಮಣ್ಣು ಇನ್ನೂ ಹಸಿಯಾಗಿತ್ತು. ಪ್ರಸನ್ನನನ್ನು ಇಳಿಸಿ, ಬಡಗಣ ಮುಖ ಮಾಡಿ ಕೂರಿಸಿದರು. ರಾಮಾಂಜನೇಯ, “ನೋಡಕ್ಕ, ನಿನ್ ಬಾಗ್ಲು ಕಡೀಗೇ,” ಎಂದು ಪಿಸುಗುಟ್ಟಿದ. ವನಜಾ ನೋಡುತ್ತಿದ್ದದ್ದು ಟ್ರ್ಯಾಕ್ಟರಿನ ಹಿಂದೆ ಬೈಕಿನಲ್ಲಿ ಬಂದು ದೂರ ನಿಂತಿದ್ದ ನಂದೀಶ್ವರಯ್ಯನನ್ನು. ಬಂದಿದ್ದಾನೆ, ಅಷ್ಟಾದರೂ ಆಯಿತು.

ಅಯ್ನೋರು ಗುಂಡಿಗೆ ಇಳಿದು ಚೀಟಿಗಳನ್ನು ಇಡತೊಡಗಿದರು. ನೆತ್ತಿಗೊಂದು, ಹಣೆಗೊಂದು, ಕಣ್ಣಿಗೆ ಎರಡು. ಎಲ್ಲದರ ಮೇಲೂ ಮಂತ್ರದ ಕಪ್ಪು ಅಕ್ಷರ, ಕೆಳಮುಖವಾಗಿ ಪೆನ್ಸಿಲ್ಲಿನ ಗೆರೆ. ತೋಳು, ಎದೆ, ಹೊಕ್ಕಳು, ಮಂಡಿ. ಕಳ್ಳ, ಪಂಡಿತ, ಕಾವಲುಗಾತಿ ಮೂವರೂ ಚೂರುಚೂರಾಗಿ ತಮ್ಮನ್ನು ಬರೆದವನ ಮೈಮೇಲೆ ಕೂತರು. ಆಮೇಲೆ ವಿಭೂತಿ ಗಟ್ಟಿ, ಬಿಲ್ವಪತ್ರೆ, ಉಪ್ಪು.

“ಮೊದಲ್ನೇ ಮಣ್ಣು ಅಣ್ಣಂದು,” ಎಂದರು ಅಯ್ನೋರು ಮೇಲೆ ಬಂದು. “ಬಾರಪ್ಪ ನಂದೀಶ. ಹೆಣದ ಮುಂದೆ ಹಟ ಬ್ಯಾಡ.”

ದಾಕ್ಷಾಯಣಮ್ಮ ಗಂಡನ ಬಳಿಗೆ ಹೋದಳು.

“ಎಂಟ್ ವರ್ಷ ತಟ್ಟೆ ಹೊತ್ತೋಳು ನಾನು ಕಣ್ರೀ. ಅನ್ನ ಬಿಟ್ಟವ್ನೆ, ಸಾರು ಬಿಟ್ಟವ್ನೆ, ಒಂದಿನ ನಿಮ್ಮನ್ನ ಬೈದಿಲ್ಲ. ‘ಅಣ್ಣ ಉಂಡ್ರಾ ಅತ್ತಿಗೆ’ ಅಂತ ಕೇಳಿ ತಟ್ಟೆ ಇಸ್ಕೊಂತಿದ್ದ. ಹಾಕ್ರಿ ಒಂದ್ ಹಿಡಿ. ನಾಳೆ ನೀವು ಬೇಕಂದ್ರೂ ಆಗಲ್ಲ.”

ನಂದೀಶ್ವರಯ್ಯ ಚಪ್ಪಲಿ ಬಿಟ್ಟ. ನಡೆದು ಬಂದು, ಗುಂಡಿಯ ಅಂಚಿನಲ್ಲಿ ಬಗ್ಗಿ, ಹಸಿ ಮಣ್ಣಿಗೆ ಕೈ ಹಾಕಿದ. ಒಂದು ಹಿಡಿ ಎತ್ತಿ ಬಿಗಿಯಾಗಿ ಹಿಡಿದ.

“ಹೋಗಪ್ಪ,” ಎಂದ ತಮ್ಮನಿಗೆ. ಎಂಟು ವರ್ಷದಲ್ಲಿ ಮೊದಲನೇ ಮಾತು. “ನನ್ ಕೈಲಿ ಕ್ಷಮಿಸಕ್ಕಾಗ್ಲಿಲ್ಲ. ಅವ್ವನ ಕಾಲಿಗೆ ಬಿದ್ದು ನೀನೇ ಕೇಳ್ಕೋ ಹೋಗು.”

ತಪ್ಪೊಪ್ಪಿಸಿ ಕಳಿಸುತ್ತಿದ್ದಾನೆ. ಮಾಡದ ತಪ್ಪನ್ನು ಹೊರಿಸಿ ಕಳಿಸುತ್ತಿದ್ದಾನೆ. ವನಜಾಗೆ ತಡೆಯಲಾಗಲಿಲ್ಲ.

“ಒಂದ್ನಿಮಿಷ ಯಜಮಾನ್ರೇ.”

ಎಲ್ಲರೂ ತಿರುಗಿದರು. ಅವಳು ಮುಂದೆ ಬಂದು ಕೈ ಮುಗಿದಳು. “ಅವ್ರು ನೋಡ್ಲಿಲ್ಲ. ಅವತ್ತು ನಿಮ್ ಫೋನು ಅವ್ರಿಗೆ ಕಾಣ್ಲೇ ಇಲ್ಲ. ಕಂಡಿದ್ದು ನನ್ಗೆ. ನಾನೇ ಬೋರಲಾಕಿ ಮ್ಯಾಲೆ ಬ್ಯಾಗಿಟ್ಬುಟ್ಟೆ. ಆಮ್ಯಾಲೆ ಮರ್ತೋಯ್ತು. ತಪ್ಪು ನಂದು. ಅವ್ರದ್ದೇನಿಲ್ಲ.”

ಹೆಂಗಸರ ಗುಂಪಿನಲ್ಲಿ ಗುಜುಗುಜು ಎದ್ದಿತು. ನಂದೀಶ್ವರಯ್ಯ ಅವಳನ್ನು ಮೊದಲ ಸಲ ನೋಡಿದ. ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದವನ ಹಾಗೆ ನೋಡಿದ.

“ಅವನಿಗೆ ಇದು ಗೊತ್ತಿತ್ತಾ?”

“ಅವತ್ತೇ ಹೇಳ್ದೆ. ಯಾರ್ಗೂ ಹೇಳ್ಬೇಡ ಅಂದ್ರು.”

“ಗೊತ್ತಿತ್ತು,” ಎಂದ ನಂದೀಶ್ವರಯ್ಯ. ಗುಂಡಿಯೊಳಕ್ಕೆ ನೋಡಿದ. “ಅವ್ವನ ಪಟದ ಮುಂದೆ ನಿಂತ್ಕೊಂಡು ಕೇಳಿದ್ನಮ್ಮ ಇವನ್ನ. ಸುಳ್ಳಾದ್ರೂ ಹೇಳೋ, ಫೋನ್ ಕೆಟ್ಟಿತ್ತು ಅನ್ನೋ, ಒಪ್ಕೊಂಡ್ಬುಡ್ತೀನಿ ಅಂತ ಬೇಡ್ಕೊಂಡೆ. ‘ನಿನ್ ಹೆಸ್ರು ನೋಡ್ದೆ ಅಣ್ಣ, ಆಟದ ಮಧ್ಯ ಎತ್ಲಿಲ್ಲ’ ಅಂದ. ನನ್ ಕಣ್ಣಲ್ಲಿ ಕಣ್ಣಿಟ್ಟು ಅಂದ. ನಿಜಾನೇ ಇತ್ತಲ್ಲ ಇವ್ನ ತಾವ! ಅದನ್ನ ನಿಮ್ಗೆ ಇಟ್ಟು ನನ್ಗೆ ಸುಳ್ಳು ಕೊಟ್ನಾ? ನಿಮ್ ಭಾನುವಾರ ಉಳೀಲಿ ಅಂತ?”

“ಯಜಮಾನ್ರೇ, ಅಂಗಲ್ಲ...”

“ಎಂಟ್ ವರ್ಷ ಮೆಟ್ಲಲ್ಲಿ ಎದ್ರು ಸಿಕ್ರೆ ಗೋಡೆ ಕಡೆ ತಿರುಗ್ತಿದ್ದೆ ನಾನು. ಗೋಡೆ ಕಡೆ! ಅಣ್ಣ ಹಾಳಾಗೋಗ್ಲಿ, ಚಾಪೆ ಉಳುದ್ರೆ ಸಾಕು. ಅದೇ ತಾನೆ?”

ಅವನ ಬೆರಳು ಬಿಚ್ಚಿಕೊಂಡವು. ಮಣ್ಣು ಗುಂಡಿಗೆ ಬೀಳಲಿಲ್ಲ, ಅಂಚಿನ ಈಚೆಗೆ, ಅವನ ಕಾಲ ಬಳಿ ಬಿತ್ತು. ಕೈಯನ್ನು ಪಂಚೆಗೆ ಒರೆಸಿಕೊಂಡ. ಚಪ್ಪಲಿ ಮೆಟ್ಟಿ ಬೈಕಿನ ಕಡೆ ನಡೆದ. ದಾಕ್ಷಾಯಣಮ್ಮ ಕೂಗಿದಳು, ಪ್ರಿಯಾಂಕ “ಅಪ್ಪಾ” ಎಂದು ಹಿಂದೆ ಓಡಿದಳು. ಅವನು ತಿರುಗಿ ನೋಡಲಿಲ್ಲ.

“ಎತ್ತಿದ್ನಲ್ಲಕ್ಕ,” ಎಂದ ರಾಮಾಂಜನೇಯ. “ಕೈಯಾಗೆ ಎತ್ತಿದ್ನಲ್ಲ ಮಣ್ಣ. ಈಗ್ಯಾಕ್ ಹೇಳಕ್ಕೋದೆ?”

ಪೆದ್ದಣ್ಣ ಅವಳ ಮುಖ ನೋಡದೆ, ಗುಂಡಿಯನ್ನೂ ನೋಡದೆ, ಆ ದಿನದ ತನ್ನ ಒಂದೇ ಮಾತು ಆಡಿದ.

“ನಿನ್ ಸರದಿ ಆಗಿರ್ಲಿಲ್ಲ ವನಜಾ.”

ಅಯ್ನೋರು ಗಂಟಲು ಸರಿಮಾಡಿಕೊಂಡು, ಹೊತ್ತಾಗುತ್ತದೆ, ಯಾರಾದರೂ ಹಾಕಿ ಎಂದರು. ನೆರೆಯವರು ಹಾಕಿದರು, ದೂರದ ನೆಂಟರು ಹಾಕಿದರು, ದಾಳದ ಮಾತಾಡಿದ್ದ ಆ ಹೆಂಗಸೂ ಕಣ್ಣೊರೆಸಿಕೊಂಡು ಒಂದು ಹಿಡಿ ಹಾಕಿದಳು. ವನಜಾ ನಿಂತಲ್ಲೇ ನಿಂತಿದ್ದಳು. ಉಪ್ಪಿನ ಮೇಲೆ ಮಣ್ಣು ಬಿದ್ದ ರಭಸಕ್ಕೆ ಪ್ರಸನ್ನನ ಮಂಡಿಯ ಮೇಲಿದ್ದ ಒಂದು ಚೀಟಿ ಜಾರಿ, ಮಗುಚಿಕೊಂಡು, ಗುಂಡಿಯ ತಳದಲ್ಲಿ ಬಿತ್ತು. ಮಂತ್ರ ಕೆಳಗಾಯಿತು. ಪೆನ್ಸಿಲ್ಲಿನ ದುಂಡನೆಯ ಅಕ್ಷರ ಮೇಲಾಯಿತು. ಉಸಿರು ೭.

ಗುಂಡಿ ತೋಡಿದವನಿಗೆ ಇದ್ಯಾವುದರ ಸಂಬಂಧವೂ ಇರಲಿಲ್ಲ. ಬಿಸಿಲು ಏರುತ್ತಿತ್ತು. ಅವನು ಸಲಿಕೆ ಹಿಡಿದು ಅಂಚಿನಿಂದ ಶುರು ಮಾಡಿದ. ಅಲ್ಲಿ ಒಂದು ಮುದ್ದೆ ಹಸಿ ಮಣ್ಣು ಬಿದ್ದಿತ್ತು, ಅದರ ಮೇಲೆ ಬಿಗಿಯಾಗಿ ಒತ್ತಿದ ನಾಲ್ಕು ಬೆರಳಿನ ಗುರುತು. ಅವನು ಅದನ್ನೂ ಉಳಿದದ್ದರ ಜೊತೆ ಸಲಿಕೆಯ ಬೆನ್ನಿನಲ್ಲಿ ತಳ್ಳಿದ. ಮುದ್ದೆ ಉರುಳುತ್ತ, ಉರುಳುತ್ತ ಇಳಿದು ಹೋಗಿ ಆ ಚೀಟಿಯ ಮೇಲೆ ನಿಂತಿತು.